ಇಲ್ಲಿಯವರೆಗೆ ಸರಿ

ಸೆಪ್ಟೆಂಬರ್ 5 ಬಂತೆಂದರೆ ಕ್ಯಾಂಪಸ್ಸಿನ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಒಬ್ಬೊಬ್ಬ ಮೇಷ್ಟ್ರು ಪ್ರತ್ಯಕ್ಷವಾಗುತ್ತಾರೆ. ಈ ವರ್ಷ ನಾವು ಕ್ಯಾಂಟೀನಿನಲ್ಲಿ ಕೂತು ಸುಮ್ಮನೆ ಅವನ್ನೆಲ್ಲ ತಿರುವಿಹಾಕಿದೆವು. ಈಗ ನಮಗೆ ಪಾಠ ಮಾಡುತ್ತಿರುವ ಪ್ರೊಫೆಸರುಗಳು ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಿದರು. ಇಂಟರ್ನಲ್ಸ್ ಹತ್ತಿರ ಬಂದಿದ್ದರಿಂದ ಅದರಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಅಂತ ಹೇಳುವುದು ಕಷ್ಟ. ಪಿಯು ಲೆಕ್ಚರರುಗಳು ಇನ್ನೂ ಕಡಿಮೆ. ಉಳಿದ ಬಹುಪಾಲು ಹೈಸ್ಕೂಲಿನವರು. ಮಸುಕಾದ ಗ್ರೂಪ್ ಫೋಟೋದಿಂದ ಕತ್ತರಿಸಿ ತೆಗೆದ ಮುಖಗಳು, ಕೈಯಲ್ಲಿ ಚಾಕ್‌ಪೀಸು, ಹಿಂದೆ ಭಾರತದ ನಕ್ಷೆ.

ಯಾಕೆ ಹೈಸ್ಕೂಲೇ? ಒಂದನೇ ಕ್ಲಾಸಿನ ಟೀಚರನ್ನು ನಂಬಿದ್ದಕ್ಕೆ ನಮ್ಮದೇನೂ ಹೆಚ್ಚುಗಾರಿಕೆ ಇಲ್ಲ, ಅಮ್ಮ ಕೈಬಿಟ್ಟು ಹೋದ ಮೇಲೆ ನಂಬದೆ ಬೇರೆ ದಾರಿ ಇರಲಿಲ್ಲ. ಪಿಯುಗೆ ಬರುವ ಹೊತ್ತಿಗೆ ನಂಬಿಕೆಗೂ ಒಂದು ಫೀಸು ಅಂಟಿಕೊಂಡಿತ್ತು, ಕೋಚಿಂಗ್ ಸೆಂಟರಿನ ಬ್ಯಾನರಿನಲ್ಲಿ ರ್‍ಯಾಂಕುಗಳ ಜೊತೆ ಅದೂ ಅಚ್ಚಾಗಿರುತ್ತಿತ್ತು. ಇಂಜಿನಿಯರಿಂಗಿನಲ್ಲಂತೂ ಆ ಜಾಗಕ್ಕೆ ಶೇ 85 ಅಟೆಂಡೆನ್ಸು ಬಂದು ಕೂತಿದೆ. ನಡುವೆ ಎಂಟು, ಒಂಬತ್ತು, ಹತ್ತು ಉಳಿಯಿತಲ್ಲ, ಆ ಮೂರು ವರ್ಷದಲ್ಲಿ ಮಾತ್ರ ನಾವು ಮೇಷ್ಟ್ರುಗಳನ್ನು ನಿಜಕ್ಕೂ ಪರೀಕ್ಷೆ ಮಾಡಿದ್ದೆವು. ಅವರು ನಮಗೆ ವರ್ಷಕ್ಕೆ ಒಂದಷ್ಟು ಸಲ ಪರೀಕ್ಷೆ ಕೊಟ್ಟರು. ನಾವು ಅವರಿಗೆ ದಿನಾ ಕೊಟ್ಟೆವು.

ನಾವು ಅಂದರೆ ಮೂವರು. ಕಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, 2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದು, ಆಮೇಲೆ ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಇರುವ ಶೇ 5ರ ಮೀಸಲಿನ ಪುಣ್ಯದಿಂದಲೂ ಸ್ವಲ್ಪ ನಮ್ಮ ಪುಣ್ಯದಿಂದಲೂ ಇದೇ ಕಾಲೇಜಿಗೆ ಬಂದು ಬಿದ್ದವರು. ಒಬ್ಬಳು ಸಿವಿಲ್, ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಇ ಅಂಡ್ ಸಿ. ಸ್ಕೂಲಿನ ಹೆಸರು ಬೇಡ, ಮೇಷ್ಟ್ರುಗಳ ಹೆಸರೂ ಬೇಡ.

ಕಮ್ಮನಹಳ್ಳಿ ಅಂದರೆ ನಿಮ್ಮಲ್ಲಿ ಬಹಳ ಜನಕ್ಕೆ ರಾತ್ರಿ ಹನ್ನೊಂದಕ್ಕೂ ತೆರೆದಿರುವ ತಿನ್ನೋ ಅಂಗಡಿಗಳು, ಬೈಕು ನಿಲ್ಲಿಸೋಕೆ ಜಾಗ ಸಿಗದ ಮೇನ್ ರೋಡು. ಅದರ ಹಿಂದುಗಡೆ, ಲಿಂಗರಾಜಪುರದ ಕಡೆಗೂ ಕಾಚರಕನಹಳ್ಳಿಯ ಕಡೆಗೂ ಹೋಗುವ ಗಲ್ಲಿಗಳಲ್ಲಿ ಶೀಟಿನ ಮನೆಗಳಿವೆ. ನಮ್ಮ ಕ್ಲಾಸು ಅಲ್ಲಿಂದ ಬಂದದ್ದು. ಮನೆಯಲ್ಲಿ ಒಬ್ಬನದು ತಮಿಳು, ಒಬ್ಬಳದು ಉರ್ದು, ಒಬ್ಬನದು ತೆಲುಗು. ಹಿಂದಿನ ಬೆಂಚಿನಲ್ಲಿ ನೇಪಾಳಿ ಮಾತಾಡುವ ಅಣ್ಣತಮ್ಮಂದಿರು, ಅಪ್ಪ ಅಪಾರ್ಟ್‌ಮೆಂಟಿನ ವಾಚ್‌ಮನ್. ನಮ್ಮ ಸಿವಿಲ್‌ನವಳ ಅಪ್ಪ ಅಮ್ಮ ಬೀದರ್ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಎಂಟನೇ ಕ್ಲಾಸಿನ ಮೊದಲ ದಿನ ಹಾಜರಿ ಕೂಗಿದಾಗ ಅವಳು 'ಅದೀನ್ರಿ' ಅಂದಳು, ಕ್ಲಾಸಿಗೆ ಕ್ಲಾಸೇ ನಕ್ಕಿತು. ಕನ್ನಡ ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿಟ್ಟು, 'ಬಸವಣ್ಣೋರು ಓಡಾಡಿದ ಸೀಮೆ ಕನ್ನಡ ಕಣ್ರೋ ಅದು. ನಿಮ್ಮದು ಕಮ್ಮನಹಳ್ಳಿ ಮಿಕ್ಸ್ಚರು. ಯಾರು ಯಾರನ್ನ ನೋಡಿ ನಗಬೇಕು?' ಅಂದರು. ಅವಳು ಅವತ್ತಿನಿಂದ ಆ ಮೇಷ್ಟ್ರ ಪಕ್ಷ.

ನಮ್ಮ ಮನೆಗಳವರಿಗೆ ಮೇಷ್ಟ್ರುಗಳ ಮೇಲಿದ್ದ ನಂಬಿಕೆ ಬೇರೆ ಥರದ್ದು. ಅಡ್ಮಿಷನ್ ದಿನ ಅಮ್ಮಂದಿರು 'ನೀವೇ ನೋಡ್ಕೊಳ್ಳಿ ಮೇಡಂ, ಹೊಡೆದ್ರೂ ಪರವಾಗಿಲ್ಲ' ಅಂತ ಒಪ್ಪಿಸಿ ಕೆಲಸಕ್ಕೆ ಓಡುತ್ತಿದ್ದರು. ಜಾತಿ ಆದಾಯ ಪ್ರಮಾಣಪತ್ರ ಎಲ್ಲಿ ಮಾಡಿಸಬೇಕು, ಆಧಾರಿನಲ್ಲಿ ಒಂದು ಹೆಸರು ಟಿಸಿಯಲ್ಲಿ ಇನ್ನೊಂದು ಹೆಸರು ಇದ್ದರೆ ಏನು ಮಾಡಬೇಕು, ಸ್ಕಾಲರ್‌ಶಿಪ್ಪಿನ ದುಡ್ಡು ಯಾವ ಖಾತೆಗೆ ಬರುತ್ತೆ, ಇದೆಲ್ಲ ಗೊತ್ತಿರುವ ಮನುಷ್ಯರು ನಮ್ಮ ಗಲ್ಲಿಯ ಮಟ್ಟಿಗೆ ಮೇಷ್ಟ್ರುಗಳೇ. ಸರ್ಕಾರವೂ ಅಷ್ಟೇ. ವೋಟರ್ ಲಿಸ್ಟೆಂದರೆ ಅವರು, ಜನಗಣತಿಯೆಂದರೆ ಅವರು. 2025ರ ಸೆಪ್ಟೆಂಬರಿನಲ್ಲಿ ಶುರುವಾದ ಸಮೀಕ್ಷೆಗೂ ಅವರನ್ನೇ ಮನೆಮನೆಗೆ ಕಳಿಸಿ, ಅದು ಮುಗಿಯಲಿಲ್ಲವೆಂದು ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಎಲ್ಲರಿಗೂ ಮೇಷ್ಟ್ರ ಮೇಲೆ ಭಾರೀ ನಂಬಿಕೆ, ಪಾಠ ಒಂದನ್ನು ಬಿಟ್ಟು.

ಆದರೆ ಹದಿಮೂರು ಹದಿನಾಲ್ಕರ ಹುಡುಗರು ಅಪ್ಪ ಅಮ್ಮ ನಂಬಿದರು ಅಂತ ನಂಬುವವರಲ್ಲ. ನಾವಂತೂ ಲೆಕ್ಕ ಇಡುತ್ತಿದ್ದೆವು. ಒಬ್ಬ ಸರ್ ಎಂಟನೇ ಕ್ಲಾಸಿನಲ್ಲಿ 'ನಿಮ್ಮನ್ನೆಲ್ಲ ಕಸ್ತೂರ್ಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋಗ್ತೀನಿ' ಅಂದರು. ಒಂಬತ್ತರಲ್ಲೂ ಅಂದರು. ಶಿವಾಜಿನಗರ ದಾಟಿದರೆ ಅಷ್ಟೇನೂ ದೂರವಿಲ್ಲದ ಜಾಗ ಅದು. ಮೂರನೇ ಸಲ ಅವರು ಬಾಯಿ ತೆಗೆದಾಗ ಹಿಂದಿನ ಬೆಂಚಿನಿಂದ ಯಾರೋ ಬಸ್ಸಿನ ಕಂಡಕ್ಟರನ ಥರ 'ರೈಟ್ ರೈಟ್' ಅಂದರು. ಪಾಪ, ಅವರಿಗೆ ಅನುಮತಿ ಸಿಗಲಿಲ್ಲವೋ ದುಡ್ಡು ಸಿಗಲಿಲ್ಲವೋ. ನಮಗೆ ಅದೆಲ್ಲ ಬೇಕಿರಲಿಲ್ಲ. ಆಮೇಲೆ ಅವರು 'ಈ ಪ್ರಶ್ನೆ ಗ್ಯಾರಂಟಿ ಬರುತ್ತೆ' ಅಂದರೂ ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧ ವಿಜ್ಞಾನದ ಸರ್. ಅತಿಥಿ ಶಿಕ್ಷಕರು, ನಮಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಎಂಟನೇ ಕ್ಲಾಸಿನಲ್ಲಿ ಬೆಳಕಿನ ಪಾಠ ನಡೆಯುತ್ತಿದ್ದಾಗ ಒಬ್ಬ ಕೇಳಿದ: 'ಸರ್, ಕನ್ನಡಿ ಎಡಬಲ ತಿರುಗಿಸುತ್ತೆ ಅಂದ್ರಿ. ಮೇಲೆ ಕೆಳಗೆ ಯಾಕೆ ತಿರುಗಿಸಲ್ಲ?' ಕೇಳಿದವನ ಉದ್ದೇಶ ವಿಜ್ಞಾನವಲ್ಲ, ಸರನ್ನು ಸಿಕ್ಕಿಸುವುದು. ಸರ್ ಸ್ವಲ್ಪ ಹೊತ್ತು ಬೋರ್ಡು ನೋಡಿದರು. 'ಗೊತ್ತಿಲ್ಲ ಕಣೋ. ನಾಳೆ ನೋಡ್ಕೊಂಡು ಬಂದು ಹೇಳ್ತೀನಿ' ಅಂದರು. ನಾವು ಗೆದ್ದೆವು ಅಂದುಕೊಂಡೆವು. 'ನಾಳೆ' ಅಂದರೆ ಏನರ್ಥ ಅಂತ ಮ್ಯೂಸಿಯಂ ಸರ್ ನಮಗೆ ಆಗಲೇ ಕಲಿಸಿದ್ದರಲ್ಲ.

ಮಾರನೇ ದಿನ ಸರ್ ಬ್ಯಾಗಿನಿಂದ ಒಂದು ಗೋಡೆ ಕನ್ನಡಿ, ಒಂದು ಬಿಳಿ ಹಾಳೆ, ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವರು ತೆಗೆದರು. ಎರಡರ ಮೇಲೂ ಸ್ಕೆಚ್ ಪೆನ್ನಿನಲ್ಲಿ 'ಕಮ್ಮನಹಳ್ಳಿ' ಅಂತ ಬರೆದಿತ್ತು. ಹಾಳೆಯನ್ನು ಕನ್ನಡಿಗೆ ತೋರಿಸಿದರೆ ಅಕ್ಷರ ಉಲ್ಟಾ. ಪ್ಲಾಸ್ಟಿಕ್ಕನ್ನು ನಾವು ಓದುವ ಹಾಗೆಯೇ ಹಿಡಿದು ಕನ್ನಡಿಯಲ್ಲಿ ನೋಡಿದರೆ ಅಲ್ಲೂ ನೆಟ್ಟಗೆ 'ಕಮ್ಮನಹಳ್ಳಿ'. 'ಹಾಗಾದ್ರೆ ತಿರುಗಿಸಿದ್ದು ಯಾರು? ಕನ್ನಡಿಯಾ, ನೀವಾ?' ಹಾಳೆಯನ್ನು ಕನ್ನಡಿಯ ಕಡೆ ಮುಖ ಮಾಡಿಸುವಾಗ ನಾವೇ ಅದನ್ನು ಬಾಗಿಲಿನ ಥರ ಪಕ್ಕಕ್ಕೆ ತಿರುಗಿಸಿದ್ದೆವು. ಕ್ಯಾಲೆಂಡರಿನ ಹಾಳೆ ಮಗುಚುವ ಹಾಗೆ ಮೇಲಿನಿಂದ ಕೆಳಕ್ಕೆ ತಿರುಗಿಸಿದರೆ ಅಕ್ಷರಗಳು ತಲೆಕೆಳಗಾಗಿ ಕಂಡವು. ಕನ್ನಡಿ ಅದಲು ಬದಲು ಮಾಡುವುದು ಮುಂದು ಹಿಂದನ್ನು ಮಾತ್ರ. ನಾವೆಲ್ಲ ಸರದಿಯಲ್ಲಿ ಹೋಗಿ ತಿರುಗಿಸಿ ನೋಡಿದೆವು. ಪ್ರಶ್ನೆ ಕೇಳಿದವನು ಮೂರು ಸಲ ನೋಡಿದ. ಅವನು ಈಗ ಮೆಕ್ಯಾನಿಕಲ್ ಬ್ರ್ಯಾಂಚಿನಲ್ಲಿದ್ದಾನೆ.

'ಗೊತ್ತಿಲ್ಲ' ಅಂದ ಮೇಷ್ಟ್ರನ್ನು ಮಕ್ಕಳು ಲೇವಡಿ ಮಾಡುತ್ತಾರೆ ಅನ್ನುವುದು ಮೇಷ್ಟ್ರುಗಳ ಲೋಕದ ಒಂದು ದೊಡ್ಡ ಮೂಢನಂಬಿಕೆ. ಮೂಢನಂಬಿಕೆ ಅಂದಾಗ ನೆನಪಾಯಿತು, ಎಚ್. ನರಸಿಂಹಯ್ಯನವರ ಬಗ್ಗೆ ನಾವು ಮೊದಲು ಕೇಳಿದ್ದೂ ಇದೇ ಸರ್ ಬಾಯಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೈಸ್ಕೂಲು ಓದಬೇಕೆಂದು 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದ ಹುಡುಗ, ಮುಂದೆ ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನೇ ಮಾಡಿದರು. ಅವರ ಆತ್ಮಕಥೆ 'ಹೋರಾಟದ ಹಾದಿ'ಯನ್ನು ಸರ್ ತಂದು ಕ್ಲಾಸಿನಲ್ಲಿಟ್ಟಿದ್ದರು, ಕೈಯಿಂದ ಕೈಗೆ ಹೋಗಿ ಕೊನೆಗೆ ರಟ್ಟು ಕಿತ್ತುಹೋಯಿತು. ಮೇಷ್ಟ್ರನ್ನೇ ಪ್ರಶ್ನೆ ಕೇಳಿ ಅನ್ನುವ ಮೇಷ್ಟ್ರು ನಮ್ಮದೇ ಊರಿನಲ್ಲಿ ಇದ್ದರು ಅನ್ನುವುದು ನಮಗೆ ಆ ವಯಸ್ಸಿಗೆ ದೊಡ್ಡ ಸುದ್ದಿ.

ಒಂಬತ್ತನೇ ಕ್ಲಾಸು ಮುಗಿಯುವಾಗ ವಿಜ್ಞಾನದ ಸರ್ 'ಹತ್ತರಲ್ಲಿ ಬೆಳಕು ಮತ್ತೆ ಬರುತ್ತೆ, ಲೆನ್ಸು ತರ್ತೀನಿ' ಅಂದರು. ಅದು 2020ರ ಮಾರ್ಚ್ ಮೊದಲ ವಾರ. ಆಮೇಲೆ ಏನಾಯಿತು ನಿಮಗೆಲ್ಲ ಗೊತ್ತು. ಜೂನ್‌ಗೆ ಶಾಲೆ ತೆರೆಯಲಿಲ್ಲ, ಅತಿಥಿ ಶಿಕ್ಷಕರನ್ನು ಕರೆಯಲಿಲ್ಲ, ಸರ್ ಬರಲಿಲ್ಲ. ಆ ಲೆನ್ಸಿನ ವಿಷಯದಲ್ಲಿ ನಾವು ಅವರ ಖಾತೆಗೆ ಸಾಲ ಬರೆದುಕೊಂಡಿಲ್ಲ. ಅತಿಥಿ ಶಿಕ್ಷಕರನ್ನು ಶೈಕ್ಷಣಿಕ ವರ್ಷದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ವರ್ಷ ಮುಗಿದರೆ ಸಂಬಂಧವೂ ಮುಗಿಯಿತು. ಒಬ್ಬ ಮನುಷ್ಯನಿಗೆ ಮುಂದಿನ ಜೂನ್‌ನಲ್ಲಿ ತಾನೆಲ್ಲಿರುತ್ತೇನೆ ಅಂತಲೇ ಗೊತ್ತಿರದಿದ್ದಾಗ, ಮಕ್ಕಳಿಗೆ ಅವನು ಮುಂದಿನ ವರ್ಷದ ಮಾತು ಕೊಡುವುದಾದರೂ ಹೇಗೆ? 'ಮಕ್ಕಳಿಗೆ ಈಗ ಗುರುಗಳ ಮೇಲೆ ನಂಬಿಕೆ ಇಲ್ಲ' ಅಂತ ವೇದಿಕೆ ಮೇಲೆ ಭಾಷಣ ಮಾಡುವವರು ಈ ಲೆಕ್ಕವನ್ನೂ ಒಂದು ಸಲ ನೋಡಬೇಕು.

ಇನ್ನು ಗಣಿತದ ಮೇಡಂ. ಇವರದು ಕಾಯಂ ನೌಕರಿ, ಬಾಯಿ ಸ್ವಲ್ಪ ಜೋರು. ಇವರಿಗೆ ಒಂದು ಅಭ್ಯಾಸವಿತ್ತು. ಲೆಕ್ಕ ತಪ್ಪಾದರೆ ಇಂಟು ಹಾಕುತ್ತಿರಲಿಲ್ಲ. ತಪ್ಪು ಎಲ್ಲಿ ಶುರುವಾಯಿತೋ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಇಲ್ಲಿಯವರೆಗೆ ಸರಿ' ಅಂತ ಬರೆಯುತ್ತಿದ್ದರು. ಕೆಲವರ ಪುಸ್ತಕದಲ್ಲಿ ಅದು ಮೊದಲನೇ ಸಾಲಿನ ಕೆಳಗೇ ಇರುತ್ತಿತ್ತು, ಅಂದರೆ ಪ್ರಶ್ನೆ ನಕಲು ಮಾಡಿದ್ದು ಸರಿ. ಅದಕ್ಕೂ ಬರೆಯುತ್ತಿದ್ದರು. ನಗು ಬರುತ್ತಿತ್ತು ಆಗ. ಈಗ ಮೂರನೇ ವರ್ಷದ ಅನ್ಸರ್ ಶೀಟಿನಲ್ಲಿ ಎಂಟು ಮಾರ್ಕ್ಸಿನ ಡೆರಿವೇಷನ್ನಿಗೆ ಅಡ್ಡಡ್ಡ ಗೀಟು ಎಳೆದು ಸೊನ್ನೆ ಹಾಕಿದ್ದನ್ನು ನೋಡುವಾಗ ಅದರ ಬೆಲೆ ಗೊತ್ತಾಗುತ್ತಿದೆ. ಎಲ್ಲಿಯವರೆಗೆ ಸರಿಯಿತ್ತು ಮಾರಾಯ್ರೇ, ಅಷ್ಟಾದರೂ ಹೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 'ಪಾಸಿಂಗ್ ಪ್ಯಾಕೇಜ್' ಅನ್ನುವ ಪದ ಗೊತ್ತೇ ಇರುತ್ತೆ. ಗೊತ್ತಿಲ್ಲದವರಿಗೆ: ಹತ್ತನೇ ಕ್ಲಾಸಿನಲ್ಲಿ ಓದಿನಲ್ಲಿ ಹಿಂದಿರುವವರಿಗೆ ಆಗ ಹೇಗಾದರೂ 35 ಬರಲಿ ಅಂತ ಕೊಡುತ್ತಿದ್ದ ಕೆಲವು ಹಾಳೆಗಳು. ಥೇಲ್ಸ್ ಪ್ರಮೇಯ, ಪೈಥಾಗೊರಸ್ ಪ್ರಮೇಯ, ಒಂದು ಗ್ರಾಫು, ವೃತ್ತಕ್ಕೆ ಸ್ಪರ್ಶಕ ಎಳೆಯುವುದು. ವಿಜ್ಞಾನದಲ್ಲಿ ಹೃದಯದ ಚಿತ್ರ, ಮೋಟಾರಿನ ಚಿತ್ರ. ಅರ್ಥವಾಗದಿದ್ದರೆ ಬೇಡ, ಬಾಯಿಪಾಠ ಮಾಡು, ಪಾಸಾಗು. ಕೊಡುವವರ ಉದ್ದೇಶ ಒಳ್ಳೆಯದೇ. ಆದರೆ ಕ್ಲಾಸಿನಲ್ಲಿ ಹೆಸರು ಕೂಗಿ ಆ ಹಾಳೆ ಕೈಗಿಟ್ಟಾಗ, ಅದರಲ್ಲಿ ಬರೆಯದೇ ಇರುವ ಒಂದು ಸಾಲನ್ನು ಹುಡುಗರು ಮೊದಲು ಓದುತ್ತಾರೆ: ನಿನ್ನಿಂದ ಇಷ್ಟೇ ಆಗೋದು.

ಇದರ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ಪ್ರಯೋಗವೇ ನಡೆದಿದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂತಾಲ್ ಮತ್ತು ಶಾಲಾ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪರೀಕ್ಷೆ ಕೊಟ್ಟು, ಸುಮಾರು ಶೇ 20ರಷ್ಟು ಮಕ್ಕಳ ಪಟ್ಟಿ ಮಾಡಿ, 'ಇವರು ಈ ವರ್ಷ ಚೆನ್ನಾಗಿ ಅರಳುತ್ತಾರೆ' ಅಂತ ಟೀಚರುಗಳಿಗೆ ಹೇಳಿದರು. ನಿಜಕ್ಕೂ ಆ ಹೆಸರುಗಳನ್ನು ಲಾಟರಿ ಥರ ಎತ್ತಿದ್ದು. ವರ್ಷದ ಕೊನೆಗೆ ನೋಡಿದರೆ ಒಂದನೇ ಎರಡನೇ ಕ್ಲಾಸಿನಲ್ಲಿ ಆ ಪಟ್ಟಿಯ ಮಕ್ಕಳು ನಿಜವಾಗಿಯೂ ಮುಂದೆ ಹೋಗಿದ್ದರು. 1968ರಲ್ಲಿ ಪುಸ್ತಕ ಬಂತು, ಲೋಕವೆಲ್ಲ ಅದನ್ನು ಹೊಗಳಿತು, ಲೆಕ್ಕದ ತಜ್ಞರು ತಕರಾರನ್ನೂ ತೆಗೆದರು. ಭಾಷಣಕಾರರು ಬಿಟ್ಟುಬಿಡುವ ಭಾಗ ನಮಗೆ ಹೆಚ್ಚು ಮುಖ್ಯ ಅನ್ನಿಸಿತು. ಮೇಲಿನ ಕ್ಲಾಸುಗಳಲ್ಲಿ ಆ ಪರಿಣಾಮ ಹಾಗೆ ಕಾಣಿಸಲೇ ಇಲ್ಲ. ನಮಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಆರು ವರ್ಷದ ಮಗುವಿಗೆ ಟೀಚರು ನಗುನಗುತ್ತಾ 'ನೀನು ಜಾಣ' ಅಂದರೆ ಸಾಕು. ಹದಿನೈದರವನು 'ಇವರು ಎಲ್ಲರಿಗೂ ಹೀಗೇ ಹೇಳ್ತಾರೆ' ಅಂತಾನೆ. ಮೇಷ್ಟ್ರು ಅವನ ಮೇಲೆ ಭರವಸೆ ಇಟ್ಟರೆ ಸಾಲದು, ಆ ಭರವಸೆ ಸುಳ್ಳಲ್ಲ ಅಂತ ಅವನಿಗೂ ಅನ್ನಿಸಬೇಕು.

ನಮ್ಮ ಮೇಡಂ ಹೆಸರು ಕೂಗಲಿಲ್ಲ. ಪಾಸಿಂಗ್ ಪ್ಯಾಕೇಜನ್ನು ಜೆರಾಕ್ಸ್ ಮಾಡಿಸಿ ಟೇಬಲ್ ಮೇಲೆ ಇಟ್ಟು, 'ಬೇಕಾದವರು ತಗೊಳ್ಳಿ. ಯಾರು ತಗೊಂಡ್ರು ಅಂತ ನಾನು ನೋಡಲ್ಲ' ಅಂದು ಕಿಟಕಿಯ ಕಡೆ ತಿರುಗಿ ನಿಂತರು. ಹೆಚ್ಚುಕಮ್ಮಿ ಎಲ್ಲರೂ ತೆಗೆದುಕೊಂಡೆವು, ಬುದ್ಧಿವಂತರೂ ಸೇರಿ. ಪುಕ್ಕಟೆ ಅಲ್ವಾ.

ಇಲ್ಲಿ ನಮ್ಮ ನಾಲ್ಕನೆಯವನ ವಿಷಯ ಬರಬೇಕು. ಹೆಸರು ಹಾಕಬೇಡಿ ಅಂದಿದ್ದಾನೆ. ಎಂಟನೇ ಕ್ಲಾಸಿಗೇ ಮೀಸೆ ಬಂದಿದ್ದರಿಂದ ಎಲ್ಲರೂ 'ಮಾಮ' ಅನ್ನುತ್ತಿದ್ದೆವು, ಹಾಗೇ ಇರಲಿ. ಲಾಕ್‌ಡೌನಿನಲ್ಲಿ ಅವನ ಅಪ್ಪನಿಗೆ ಕೆಲಸ ಹೋಯಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು, ಅವನ ಮನೆಯಲ್ಲಿ ಟಿವಿ ಕೆಟ್ಟಿತ್ತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಮೇಷ್ಟ್ರುಗಳೇ ಬೀದಿಗೆ ಬಂದು ಮರದ ಕೆಳಗೆ, ಗುಡಿಯ ಜಗಲಿಯಲ್ಲಿ ಪಾಠ ಮಾಡುವುದು. ಕಮ್ಮನಹಳ್ಳಿಯಲ್ಲಿ ಮರ ಎಲ್ಲಿಂದ ತರೋಣ, ಒಬ್ಬರ ಮನೆಯ ತಾರಸಿ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂರುತ್ತಿದ್ದೆವು. ಮೇಡಂ ಮಾಸ್ಕ್ ಹಾಕಿಕೊಂಡು ಪ್ರಮೇಯ ಹೇಳಿದರೆ ಅರ್ಧ ಕೇಳಿಸುತ್ತಿರಲಿಲ್ಲ. ಅಲ್ಲಿಗೆ ಮಾಮ ಎರಡು ಸಲ ಬಂದ. ಅಕ್ಟೋಬರಿನಲ್ಲಿ ರಾಜ್ಯದ ಅಲ್ಲಲ್ಲಿ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ಸುದ್ದಿ ಬಂದು ವಿದ್ಯಾಗಮವನ್ನು ನಿಲ್ಲಿಸಿದರು. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸು ಮತ್ತೆ ತೆರೆದಾಗ ಮಾಮ ಬರಲೇ ಇಲ್ಲ. ಮೇನ್ ರೋಡಿನ ಒಂದು ಶವರ್ಮಾ ಅಂಗಡಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ.

ಮೇಡಮ್ಮೂ ಕನ್ನಡ ಮೇಷ್ಟ್ರೂ ಒಂದು ಸಂಜೆ ನಮ್ಮನ್ನು ಕರೆದುಕೊಂಡು ಆ ಅಂಗಡಿಗೆ ಹೋದರು. ನಾವು ಒಂದು ದೊಡ್ಡ ಸಿನಿಮಾ ಸೀನಿಗೆ ತಯಾರಾಗಿದ್ದೆವು. ಹಾಗೇನೂ ಆಗಲಿಲ್ಲ. ಕನ್ನಡ ಮೇಷ್ಟ್ರು ಶುದ್ಧ ಸಸ್ಯಾಹಾರಿ, ಏನು ತಗೊಳ್ಳೋದು ಅಂತ ಗೊತ್ತಾಗದೆ ಒಂದು ನಿಂಬೆಹಣ್ಣಿನ ಸೋಡಾ ಹಿಡಿದು ನಿಂತರು. ಮೇಡಂ ಮಾಮನನ್ನು ಕರೆದು, 'ಕೆಲಸ ಎಷ್ಟೊತ್ತಿಗೆ ಶುರು?' ಅಂದರು.

'ನಾಲ್ಕಕ್ಕೆ ಮೇಡಂ.'

'ಮುಗಿಯೋದು?'

'ಹನ್ನೆರಡು, ಒಂದ್ ಆಗುತ್ತೆ.'

'ಹಾಗಾದ್ರೆ ಬೆಳಿಗ್ಗೆ ಮೊದಲನೇ ಪೀರಿಯಡ್ ಬೇಡ, ಮಲ್ಕೋ. ಹನ್ನೊಂದಕ್ಕೆ ಬಾ. ಹಾಜರಿ ವಿಷಯ ನಂಗ್ ಬಿಡು.'

'ಮೇಡಂ, ನಾನು ಪಾಸಾಗ್ತೀನಾ?'

'ಈಗಿರೋ ಸ್ಥಿತೀಲಿ ಆಗಲ್ಲ.'

ನಮಗೆ ಎದೆ ಧಸಕ್ಕೆಂದಿತು, ಇಷ್ಟು ದೂರ ಬಂದು ಇದನ್ನು ಹೇಳಬೇಕಿತ್ತಾ ಅಂತ. ಮಾಮ ಮಾತ್ರ ಮಾರನೇ ದಿನ ಹನ್ನೊಂದಕ್ಕೆ ಬಂದ. ಯಾಕೆ ಬಂದೆ ಅಂತ ಎಷ್ಟೋ ದಿನದ ಮೇಲೆ ಕೇಳಿದೆವು. 'ಎಲ್ಲರೂ ಆಗುತ್ತೆ ಕಣೋ ಆಗುತ್ತೆ ಕಣೋ ಅಂತಿದ್ರು. ಅವರಿಗೆಲ್ಲ ನಾನು ಓದೋದೂ ಬೇಕಿರಲಿಲ್ಲ, ಓದದೇ ಇರೋದೂ ಬೇಕಿರಲಿಲ್ಲ. ಮೇಡಂ ಒಬ್ರೇ ಸರಿಯಾಗಿ ನೋಡಿ ಹೇಳಿದ್ದು' ಅಂದ.

ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನು. ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ, ಕೊನೆಗೆ ಜುಲೈ 19 ಮತ್ತು 22, ಎರಡೇ ದಿನ. ಒಂದು ದಿನ ಗಣಿತ, ವಿಜ್ಞಾನ, ಸಮಾಜ. ಇನ್ನೊಂದು ದಿನ ಮೂರು ಭಾಷೆ. ಪ್ರತಿ ವಿಷಯಕ್ಕೆ 40 ಬಹು ಆಯ್ಕೆ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುಂಡು ತುಂಬುವುದು. ಥೇಲ್ಸ್ ಪ್ರಮೇಯವೂ ಇಲ್ಲ, ಹೃದಯದ ಚಿತ್ರವೂ ಇಲ್ಲ. ನಾವು ಟೇಬಲ್ಲಿನಿಂದ ಎತ್ತಿಕೊಂಡಿದ್ದ ಪಾಸಿಂಗ್ ಪ್ಯಾಕೇಜೆಲ್ಲ ರದ್ದಿ. ಆಗಸ್ಟ್ 9ಕ್ಕೆ ಫಲಿತಾಂಶ ಬಂತು. ಎಂಟು ಲಕ್ಷಕ್ಕೂ ಹೆಚ್ಚು ಜನ ಬರೆದಿದ್ದ ಪರೀಕ್ಷೆಯಲ್ಲಿ ಎಲ್ಲರೂ ಪಾಸು, ಪರೀಕ್ಷಾ ಅಕ್ರಮದಲ್ಲಿ ಸಿಕ್ಕಿಬಿದ್ದ ಒಬ್ಬರನ್ನು ಬಿಟ್ಟು.

ನಮ್ಮ ಬ್ಯಾಚಿನವರಿಗೆ ಆಮೇಲೆ ಎಷ್ಟು ಮಾತು ಕೇಳಬೇಕಾಯಿತು ಅಂತ ಈ ಪತ್ರಿಕೆ ಓದುವ ಹಲವರಿಗೆ ಗೊತ್ತು. 'ಕೊರೊನಾ ಪಾಸು' ಅಂತಲೇ ಅಡ್ಡಹೆಸರು. ಪಿಯು ಕಾಲೇಜಿನ ಮೊದಲ ಟೆಸ್ಟಿನಲ್ಲಿ ಕಡಿಮೆ ಬಂದರೆ ಅದನ್ನೇ ಎತ್ತುತ್ತಿದ್ದರು. ನಾವು ಮೂವರು ಹೇಗೋ ಸುಧಾರಿಸಿಕೊಂಡೆವು, ಮುಂದೆ ಪಿಯು, ಸಿಇಟಿ ಇತ್ತು, ಅಲ್ಲಿ ತೋರಿಸಬಹುದಿತ್ತು. ಮಾಮನಿಗೆ ಆ ಅಂಕಪಟ್ಟಿಯೇ ಕೊನೆಯದಾಗಬಹುದಿತ್ತು. ಅವನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅಂಕಪಟ್ಟಿ ತಗೊಳ್ಳೋಕೆ ಹೋದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟ: 'ಮೇಡಂ, ನಾನು ಪಾಸಾದ್ನಾ, ಪಾಸ್ ಮಾಡಿದ್ರಾ?'

ಮೇಡಂ ತಕ್ಷಣ ಏನೂ ಹೇಳಲಿಲ್ಲ. ಬೀರು ತೆಗೆದು 2019ರ ಗಣಿತದ ಪ್ರಶ್ನೆಪತ್ರಿಕೆ ಹುಡುಕಿದರು, ಕೊರೊನಾಕ್ಕಿಂತ ಮುಂಚಿನ ಪೂರ್ತಿ 80 ಅಂಕದ್ದು. 'ಶನಿವಾರ ಬಾ. ಮೂರು ಗಂಟೆ ಕೂತು ಬರಿ. ಆಮೇಲೆ ಹೇಳ್ತೀನಿ' ಅಂದರು. ಅವನು ಹೋದ. ಖಾಲಿ ಸ್ಟಾಫ್ ರೂಮಿನಲ್ಲಿ ಅವನೊಬ್ಬನೇ ಬರೆದ, ಮೇಡಂ ಎದುರಿಗೆ ಕೂತು ಬೇರೆ ಏನೋ ರಿಜಿಸ್ಟರು ತುಂಬಿದರಂತೆ. ಅಲ್ಲೇ ತಿದ್ದಿ ಕೊಟ್ಟರು. 80ಕ್ಕೆ 26. ಆಗ ಪಾಸಾಗಲು 28 ಬೇಕಿತ್ತು.

ಎರಡು ಅಂಕ. ಎಲ್ಲಾದರೂ ಒಂದು ಸ್ಟೆಪ್ಪಿಗೆ ಅರ್ಧ, ಇನ್ನೊಂದು ಚಿತ್ರಕ್ಕೆ ಅರ್ಧ ಅಂತ ಸೇರಿಸಿದ್ದರೆ ಯಾರೂ ಕೇಳುವವರಿರಲಿಲ್ಲ, ಅದು ಯಾವ ದಾಖಲೆಗೂ ಹೋಗುವ ಪತ್ರಿಕೆಯಲ್ಲ. ಅವರು ಸೇರಿಸಲಿಲ್ಲ. ಪೈಥಾಗೊರಸ್ ಪ್ರಮೇಯದ ಐದನೇ ಸಾಲಿನ ಮೇಲೆ ಗೆರೆ ಎಳೆದು 'ಇಲ್ಲಿಯವರೆಗೆ ಸರಿ' ಅಂತ ಬರೆದಿದ್ದರು.

ಈ ವಿಷಯದಲ್ಲಿ ನಮ್ಮೊಳಗೇ ಜಗಳವಿದೆ. ಮೆಕ್ಯಾನಿಕಲ್‌ನವನ ಪ್ರಕಾರ ಮೇಡಂ 28 ಹಾಕಬೇಕಿತ್ತು. ರಾತ್ರಿ ಒಂದರವರೆಗೆ ಪಾತ್ರೆ ತಿಕ್ಕಿ ಬಂದು ಕೂತವನಿಗೆ ಎರಡು ಅಂಕದ ಧೈರ್ಯ ಕೊಟ್ಟರೆ ಗಣಿತವೇನೂ ಮುಳುಗುತ್ತಿರಲಿಲ್ಲ ಅನ್ನುತ್ತಾನೆ. ಸಿವಿಲ್‌ನವಳು ಒಪ್ಪುವುದಿಲ್ಲ. ಅವನು ಕೇಳಿದ್ದು ಧೈರ್ಯವನ್ನಲ್ಲ, ಉತ್ತರವನ್ನು ಅನ್ನುತ್ತಾಳೆ. ಇಬ್ಬರೂ ಸರಿಯೇ ಇರಬಹುದು. ಆದರೆ ಮಾಮನ ಅಂಕಪಟ್ಟಿ ಈಗ ಅವನ ಅಮ್ಮನ ಟ್ರಂಕಿನಲ್ಲಿ ಎಲ್ಲೋ ಇದೆ. ಆ 26ರ ಪತ್ರಿಕೆ ಅವನ ಹತ್ತಿರವೇ ಇದೆ, ಲ್ಯಾಮಿನೇಷನ್ ಮಾಡಿಸಿಲ್ಲ ಅಷ್ಟೇ.

ನಮ್ಮ ನಂತರದ ಬ್ಯಾಚುಗಳನ್ನು ನೋಡುವಾಗಲೂ ಇದೇ ನೆನಪಾಗುತ್ತೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಶೇ 62.34. ಹುಡುಗರು ನಾಲ್ಕು ವರ್ಷದಲ್ಲಿ ಇಷ್ಟು ಜಾಣರೂ ಆಗಲಿಲ್ಲ, ಇಷ್ಟು ದಡ್ಡರೂ ಆಗಲಿಲ್ಲ. ಬದಲಾದದ್ದು ನಿಯಮ. ಕ್ಯಾಮೆರಾ ಹುಡುಗರ ಮೇಲೆ ಅಂತ ಹೇಳುತ್ತಾರೆ, ಆದರೆ ಅದು ಬಾಗಿಲ ಬಳಿ ನಿಂತ ಮೇಷ್ಟ್ರನ್ನೂ ನೋಡುತ್ತಿರುತ್ತೆ. ನಕಲು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ 83ರ ವರ್ಷ ಪಾಸಾದವಳಿಗೂ 62ರ ವರ್ಷ ಫೇಲಾದವನಿಗೂ ತಾವು ನಿಜಕ್ಕೂ ಎಲ್ಲಿದ್ದೇವೆ ಅಂತ ಆ ಅಂಕಪಟ್ಟಿ ಹೇಳುವುದಿಲ್ಲ. ಹೇಳಬಲ್ಲವರು ಮೂರು ವರ್ಷ ಅವರ ನೋಟ್‌ಬುಕ್ಕು ತಿದ್ದಿದವರು. ಅವರಿಗೆ ಹೇಳುವಷ್ಟು ಬಿಡುವು ಇರಬೇಕು, ಮತ್ತು ಮುಂದಿನ ಜೂನ್‌ಗೂ ಅದೇ ಶಾಲೆಯಲ್ಲಿ ಇರಬೇಕು.

ಮಾಮ ಐಟಿಐ ಸೇರಿದ, ಎಲೆಕ್ಟ್ರಿಷಿಯನ್ ಟ್ರೇಡು, ಎರಡು ವರ್ಷ. ಸಂಜೆ ಅಂಗಡಿ ಬಿಡಲಿಲ್ಲ. ಈಗ ಕಮ್ಮನಹಳ್ಳಿ, ಕಲ್ಯಾಣನಗರದ ಪಿಜಿಗಳಿಗೆಲ್ಲ ವೈರಿಂಗ್ ಕೆಲಸ ಮಾಡುತ್ತಾನೆ. ನಮಗಿಂತ ಮುಂಚೆ ಸಂಪಾದನೆ ಶುರುಮಾಡಿದವನು, ಬಿರಿಯಾನಿ ಬಿಲ್ಲು ಅವನೇ ಕೊಡೋದು. ಈ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವಕ್ಕೆ ವೇದಿಕೆಯ ಲೈಟು ಹಾಕಿದ್ದು ಅವನೇ. ಭುವನೇಶ್ವರಿ ಪಟದ ಸುತ್ತ ಸೀರಿಯಲ್ ಸೆಟ್ ಮಿಣುಕುವುದು ನಿಂತಾಗ ನಮ್ಮ ಇ ಅಂಡ್ ಸಿ ಯವನು ಮಲ್ಟಿಮೀಟರ್ ತರಲು ಲ್ಯಾಬಿಗೆ ಓಡಿದ, ಅವನು ವಾಪಸು ಬರುವಷ್ಟರಲ್ಲಿ ಮಾಮ ಒಂದು ಜಾಯಿಂಟು ಕಿತ್ತು ಸುತ್ತಿ ಸರಿಮಾಡಿದ್ದ.

ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಕೇಳಿದ, ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದಂತೆ, ಹೌದಾ ಅಂತ. ಹೌದು ಅಂದೆವು. ಅದಾದ ಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗಿಗೂ ಬರಬಹುದು ಅಂತ ಸೇರಿಸಿದೆವು.

'ಮ್ಯಾಥ್ಸ್ ಎಷ್ಟು ಕಷ್ಟ?'

'ಅಷ್ಟೇನಿಲ್ಲ ಮಾಮ, ಮಾಡ್ತೀಯ ಬಿಡು' ಅಂದೆವು ಮೂವರೂ ಒಂದೇ ಉಸಿರಿಗೆ.

ಅವನು ನಮ್ಮ ಮುಖ ನೋಡಿ ನಕ್ಕ. ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಫೋನು ತೆಗೆದ. ಮೇಡಮ್ಮಿಗೆ ವರ್ಗವಾಗಿ ಈಗ ಕೆ.ಆರ್. ಪುರದ ಕಡೆ ಒಂದು ಶಾಲೆಯಲ್ಲಿದ್ದಾರೆ. ರಾತ್ರಿ ಒಂಬತ್ತಾಗಿತ್ತು, ಆದರೂ ಎತ್ತಿದರು. ಅವನು ವಿಷಯ ಹೇಳಿ 'ಆಗುತ್ತಾ ಮೇಡಂ?' ಅಂತ ಕೇಳಿದ. ಸ್ಪೀಕರಿನಲ್ಲಿ ನಮಗೂ ಕೇಳಿಸುತ್ತಿತ್ತು.

'ನೋಡದೆ ಹೆಂಗ್ ಹೇಳಲಪ್ಪ? ಭಾನುವಾರ ಮನೆಗೆ ಬಾ. ಬರೋವಾಗ ಪೆನ್ನು, ಜಾಮಿಟ್ರಿ ಬಾಕ್ಸು ತಗೊಂಡ್ ಬಾ.'

ಅವನ ಹತ್ತಿರ ಜಾಮಿಟ್ರಿ ಬಾಕ್ಸು ಇರಲಿಲ್ಲ. ಸಿವಿಲ್‌ನವಳು ತನ್ನದು ಕೊಟ್ಟಳು.